ಪ್ರಮಿಳಾಳ ಸುತ್ತು

ಶಹಾಪುರದ ಪೇಟೆಯಲ್ಲಿ ಪ್ರಮಿಳಾಳದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ಹಿಡಿದುಕೊಂಡು ಬಂದವರಿಗೆ ಅದಕ್ಕೊಪ್ಪುವ ಕುಪ್ಪಸದ ಬಟ್ಟೆ, ಫಾಲ್, ಅಸ್ತರು ತೆಗೆದುಕೊಡುತ್ತಾಳೆ. ಆದರೆ ಊರಲ್ಲಿ ಅವಳ ಗುರುತು ಅಂಗಡಿಯಿಂದಲ್ಲ. "ನಾಗರತ್ನಾ ಅವರ ತಂಗಿ, ಪೇಟಿ ಬಾರಸತಾರಲ್ಲ, ಅವರು" ಎಂದರೆ ಎಲ್ಲರಿಗೂ ತಿಳಿಯುತ್ತದೆ.

ನಾಗರತ್ನಾ ವಚನ ಹಾಡುವವಳು. ಶ್ರಾವಣದ ಪ್ರವಚನ, ಗೃಹಪ್ರವೇಶ, ಮದುವೆಯ ಹಿಂದಿನ ಸಂಜೆ ಎಂದು ಖಾಸಬಾಗದಿಂದ ನಂದಗಡದವರೆಗೂ ಅವಳಿಗೆ ಕರೆ ಬರುತ್ತಿತ್ತು. ಪ್ರಮಿಳಾ ಕಾಲೇಜಿನ ದಿನಗಳಿಂದ ಅಕ್ಕನ ಬಾಜು ಪೇಟಿ, ಅಂದರೆ ಹಾರ್ಮೋನಿಯಂ, ಇಟ್ಟುಕೊಂಡು ಕೂತವಳು. ಅಕ್ಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಸಾಲು ಮರೆತು ಹಿಂದಕ್ಕೆ ಹೊರಳುತ್ತಾಳೆ ಎಂಬುದು ಇವಳ ಬೆರಳಿಗೆ ಮೊದಲೇ ಗೊತ್ತಾಗುತ್ತಿತ್ತು.

ಒಂದು ಶ್ರಾವಣ ಮುಗಿಯುವ ಹೊತ್ತಿಗೆ ನಾಗರತ್ನಾಳ ದನಿ ಒಡೆಯಿತು. ಗಂಟಲಿನ ತಂತುಗಳ ಮೇಲೆ ಗಂಟುಗಳು ಎದ್ದಿವೆ ಎಂದರು ಡಾಕ್ಟರು. ಸಣ್ಣ ಆಪರೇಷನ್ ಆಯಿತು. ಮೊದಲು ಪೂರ್ತಿ ಮೌನ, ಆಮೇಲೆ ಬೇಕಾದಷ್ಟೇ ಮಾತು, ಹಾಡು ಮಾತ್ರ ಅರ್ಧ ವರ್ಷ ಬೇಡ. ಅಕ್ಕ ಹಾಡದಿದ್ದ ಮೇಲೆ ಪ್ರಮಿಳಾಳಿಗೂ ಪೇಟಿ ಮುಟ್ಟಲು ಕಾರಣ ಉಳಿಯಲಿಲ್ಲ.

ಅದೇ ಮಳೆಗಾಲದ ಕೊನೆಗೆ ಅವಳು ಖಾನಾಪುರಕ್ಕೆ ಹೋದಳು. ಮಾಯಕ್ಕ ಎಂಬ ಹಳೆಯ ಗಿರಾಕಿ ಮಗಳ ಮದುವೆಗೆ ಆರಿಸಿದ್ದ ಕುಪ್ಪಸದ ಬಟ್ಟೆಗಳನ್ನು ಮುಟ್ಟಿಸಬೇಕಾಗಿತ್ತು. ಮಾಯಕ್ಕನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿರುವಾಗ ಬಾಜು ಮನೆಯಿಂದ ಪಿಯಾನೊ ಕೇಳಿಸಿತು. ಚಾಲು, ಎಂದರೆ ಧಾಟಿ, ಒಂದೇ; ಸುತ್ತಿ ಸುತ್ತಿ ಬರುತ್ತಿತ್ತು. ಆದರೆ ಬಂದಾಗಲೆಲ್ಲ ಬೇರೆಯಾಗಿಯೇ ಬರುತ್ತಿತ್ತು. ಪ್ರಮಿಳಾಳ ಚಹಾ ಆರಿಹೋಯಿತು.

"ಹಣಮಪ್ಪನ ಮಗ ಸುಜಯ ಅಂವಾ. ಹೋಗಿ ನೋಡ್ರಿ, ಏನೂ ಅನ್ನಂಗಿಲ್ಲ" ಎಂದಳು ಮಾಯಕ್ಕ.

ಹಣಮಪ್ಪ ನಂದಗಡದ ಕಡೆಯ ಕುರಿಗಾರ, ಇವತ್ತಿಗೂ ಹಿಂಡು ಇಟ್ಟವನು. ಮಗ ಖಾನಾಪುರದ ಹಾಸ್ಟೆಲಿನಲ್ಲಿದ್ದು ಓದುವಾಗ ಚರ್ಚಿನ ಪಿಯಾನೊದ ಮೇಲೆ ಕೈ ಪಳಗಿಸಿಕೊಂಡ. ಮುಂದೆ ಗೋವಾದ ಹೋಟೆಲುಗಳಲ್ಲಿ ಜಾಝ್ ಬಾರಿಸುತ್ತ ಕೆಲವು ವರ್ಷ ಕಳೆದ. ಒಂದು ಹೋಟೆಲು ಮುಚ್ಚಿದಾಗ ಅಲ್ಲಿಯ ಪಿಯಾನೊ ಕೊಂಡು, ಅಪ್ಪನ ಕಂಬಳಿಗಳನ್ನು ಸುತ್ತಿ, ಟೆಂಪೋದಲ್ಲಿ ಘಟ್ಟ ಹತ್ತಿಸಿ ತಂದಿದ್ದ. ಥಂಡಿಗೆ ಕೀಗಳು ಸಿಕ್ಕಿಕೊಳ್ಳದಿರಲೆಂದು ಅದರ ಹೊಟ್ಟೆಯೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದ.

"ಇದನ್ನೆಲ್ಲಾ ಬರದು ಇಟ್ಟೀರೇನ್ರಿ ಸರ?" ಎಂದು ಪ್ರಮಿಳಾ ಬಾಗಿಲಲ್ಲೇ ನಿಂತು ಕೇಳಿದಳು.

"ಚಾಲಷ್ಟ ಬರದದ್ದು ರೀ. ಉಳದದ್ದು ಈಗ ಬಂದದ್ದು. ಒಳಗ ಬರ್ರಿ ಅಕ್ಕಾರ, ಕುಂದರ್ರಿ."

ಅಂಗಡಿಯ ಸುಟಿಯ ದಿನಗಳಲ್ಲಿ ಅವಳು ಪಿಯಾನೊ ಕಲಿಯಲು ಖಾನಾಪುರದ ಬಸ್ಸು ಹತ್ತತೊಡಗಿದ್ದು ಹೀಗೆ. ಗಂಡ ಗೌರೀಶನಿಗೆ ಹೇಳಿದಾಗ ಅವನು, "ಹೋಗ, ಬರೂವಾಗ ಅಲ್ಲಿ ಮಣ್ಣಿನ ಗಡಿಗಿ ಛಲೋ ಸಿಗತಾವ, ಒಂದು ತಾ" ಎಂದನಷ್ಟೆ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಹಾಗೇ ಉಳಿಯಿತು.

ಬಲಗೈಗೆ ತ್ರಾಸಾಗಲಿಲ್ಲ. ಸಮಸ್ಯೆ ಎಡಗೈಯದು. ಪೇಟಿಯಲ್ಲಿ ಅದರ ಕೆಲಸ ಗಾಳಿ ಹಾಕುವುದೊಂದೇ. ಇಲ್ಲಿ ಅದಕ್ಕೂ ಬೆರಳುಗಳಿವೆ ಎಂದು ಮೊದಲ ಸಲ ಗೊತ್ತಾಯಿತು. ಸುಜಯ ಒಂದೊಂದು ಕಾರ್ಡಿಗೆ, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪಿಗೆ, ಎರಡೇ ಸ್ವರ ಹಿಡಿಯಲು ಹೇಳಿಕೊಟ್ಟ. ಹನ್ನೆರಡು ಮನೆಯ ಸುತ್ತು ಆ ಚಾಲು, ಜಾಝಿನಲ್ಲಿ ಬ್ಲೂಸ್ ಎನ್ನುತ್ತಾರಂತೆ. ಚೌಕಾಬಾರದ ಹಾಗೆ ಅವನು ತಾಳದ ಪ್ರತಿ ಅಳತೆಗೂ ಮನೆ ಎನ್ನುತ್ತಿದ್ದ.

"ನಮ್ಮಲ್ಲಿ ಷಡ್ಜ ಜಾಗಾ ಬಿಟ್ಟು ಕದಲೂದಿಲ್ರಿ. ಅದನ್ನ ನೆಚ್ಚಿ ಎಲ್ಲಿಗಾರ ಹೋಗಿ ಬರಬಹುದು" ಎಂದಳು ಪ್ರಮಿಳಾ ಒಂದು ದಿನ.

"ಇಲ್ಲಿ ಕಾಲ ಬುಡದ ನೆಲಾನ ಸರೀತೈತ್ರಿ. ಅದು ಹೊಂಟಲ್ಲಿ ನೀವೂ ಹೋಗಬೇಕು. ಖರೇ ಅಂದ್ರ ಅದರಾಗ ಮಜಾ ಐತಿ."

ದೀಪಾವಳಿಯ ಹೊತ್ತಿಗೆ ಎಡಗೈ ಹನ್ನೆರಡು ಮನೆಗಳನ್ನೂ ತಪ್ಪದೆ ಸುತ್ತುತ್ತಿತ್ತು. ಆಗ ಸುಜಯ, "ಈಗ ನಿಮ್ಮ ಸುತ್ತು. ಮನಸಿಗೆ ಬಂದದ್ದು ಬಾರಸ್ರಿ" ಎಂದ. ಪ್ರಮಿಳಾ ಬಾರಿಸಿದಳು.

"ಅಕ್ಕಾರ, ಅದು ನಾ ಈಗ ಬಾರಿಸಿದ್ದು."

ಮತ್ತೆ ಪ್ರಯತ್ನಿಸಿದಳು. ಈ ಸಲವೂ ಅವನದೇ ತುಣುಕುಗಳು, ಅಲ್ಪಸ್ವಲ್ಪ ಹಿಂದುಮುಂದಾಗಿ. ಸುಜಯ ಎದ್ದು ಚಪ್ಪಲಿ ಮೆಟ್ಟಿಕೊಂಡ. "ನಾ ಚಾ ಕುಡದು ಬರ್ತೀನಿ. ನಾ ಇಲ್ಲದಾಗ ಒಂದೇ ಒಂದು ಸುತ್ತು ಬಾರಸ್ರಿ. ಹೆಂಗ ಬಂದರೂ ನಡೀತೈತಿ."

ಅವನು ಮರಳಿ ಬಂದಾಗ ಪ್ರಮಿಳಾ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಂದು ಸ್ವರವನ್ನೂ ಒತ್ತಿರಲಿಲ್ಲ.

"ಯಾರಾರ ಹಾಡಲಿ ಅಂತ ಕಾಯಾಕತ್ತಿದ್ದೆ ಅನಸ್ತೈತಿ ಸರ" ಎಂದಳು. ಹೇಳಿದ ಮೇಲೆ ಅವಳಿಗೇ ಅಳು ಬಂದ ಹಾಗಾಯಿತು.

"ಇರಲಿ ರೀ. ಮುಂದಿನ ಸರ್ತಿ ಮೂರು ಸ್ವರದಾಗ ಮಾತಾಡೂಣು. ಹೆಚ್ಚಿಂದು ಬ್ಯಾಡ."

ಮೂರು ಸ್ವರದ ಮಾತು ಕೂಸಿನ ತೊದಲಿನಂತಿತ್ತು. ಆದರೂ ಅದು ಅವಳದಾಗಿತ್ತು. ಚಳಿಗಾಲ ಕಳೆಯುವುದರೊಳಗೆ ಮೂರು ಐದಾದವು. ಒಂದು ಹಳೆಯ ಕೀಬೋರ್ಡು ಕೊಂಡು ಅಂಗಡಿಯ ಅಟ್ಟದ ಮೇಲಿಟ್ಟುಕೊಂಡಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮೇಲೆ ಹೋಗಿ ಬಾರಿಸುತ್ತಿದ್ದಳು.

ನಾಗರತ್ನಾಳಿಗೆ ವಿಷಯ ಮುಟ್ಟಿದ್ದು ಪರರ ಬಾಯಿಂದ. ಅವಳು ನೇರವಾಗಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ದನಿ ಇನ್ನೂ ಒರಟಾಗಿತ್ತು.

"ಪ್ರಮೀ, ನೀ ಇಂಗ್ರೇಜಿ ಬಾಜಾ ಕಲ್ಯಾಕತ್ತೀಯಂತ. ಹೌದೇನು?"

"ಹೌದಕ್ಕಾ. ಹೇಳಬೇಕಂತಿದ್ದೆ."

"ನನ್ನ ದನಿ ತಿರುಗಿ ಬರಂಗಿಲ್ಲ ಅಂತ ಡಾಕ್ಟರು ನಿನ್ನ ಮುಂದ ಏನರ ಅಂದಾರೇನು?"

"ಇಲ್ಲ. ಹಂಗ್ಯಾಕಂತಿ?"

"ಮತ್ತ ನೀ ಈಗ್ಲೇ ಬ್ಯಾರೆ ದಾರಿ ಹಿಡದಿ."

ಪ್ರಮಿಳಾ ಏನೋ ಹೇಳಬೇಕೆನ್ನುವಷ್ಟರಲ್ಲಿ ಒಬ್ಬ ಗಿರಾಕಿ ನವಿಲುಗರಿ ಬಣ್ಣದ ಸೀರೆ ಬಿಚ್ಚಿ ಕೌಂಟರಿನ ಮೇಲೆ ಹರಡಿದಳು. ಅದಕ್ಕೊಪ್ಪುವ ಬಟ್ಟೆ ಹುಡುಕಿ ತಿರುಗುವುದರೊಳಗೆ ಅಕ್ಕ ಹೋಗಿಬಿಟ್ಟಿದ್ದಳು.

ಹಾಡಬಹುದು ಎಂದು ಡಾಕ್ಟರು ಹೇಳಿದ್ದು ಯುಗಾದಿಯ ಸುಮಾರಿಗೆ. ಪ್ರಮಿಳಾ ಅದೇ ಸಂಜೆ ಪೇಟಿ ತೆಗೆದುಕೊಂಡು ಖಾಸಬಾಗದ ಅಕ್ಕನ ಮನೆಗೆ ಹೋದಳು. ಹಳೆಯ ಶ್ರುತಿ ಹಿಡಿದಳು. ನಾಗರತ್ನಾಳ ದನಿ ಅಷ್ಟು ಮೇಲಕ್ಕೆ ಏರಲಿಲ್ಲ. ಪ್ರಮಿಳಾ ಶ್ರುತಿಯನ್ನು ಒಂದು ಪಟ್ಟಿ ಇಳಿಸಿದಳು, ಇನ್ನೊಂದು ಇಳಿಸಿದಳು. ಕೆಳಗೆ, ಬಹಳ ಕೆಳಗೆ ದನಿ ನಿಂತಿತು. ಗಟ್ಟಿಯಾಗಿಯೇ ಇತ್ತು. ಆದರೆ ನಾಗರತ್ನಾ ಎರಡನೇ ಸಾಲಿಗೇ ನಿಲ್ಲಿಸಿದಳು.

"ಇದು ನನ್ನ ದನಿ ಅಲ್ಲ. ಮುಚ್ಚಿಡು ಪೇಟಿ."

ಆ ಮೇಲೆ ಬಂದ ಕರೆಗಳಿಗೆಲ್ಲ ಅವಳು ಇಲ್ಲ ಎಂದಳು. ಮನೆಯಲ್ಲಿ ಕೂತು ಬೇಸತ್ತವಳನ್ನು ಪ್ರಮಿಳಾ ಒಂದು ದಿನ, "ಖಾನಾಪುರಕ್ಕ ಬಾ. ನೀ ಏನೂ ಮಾಡೂದು ಬ್ಯಾಡ, ಸುಮ್ಮ ಕುಂಡ್ರು" ಎಂದು ಕರೆದಳು. ಬರಲಿಕ್ಕಿಲ್ಲ ಅಂದುಕೊಂಡಿದ್ದಳು. ನಾಗರತ್ನಾ ಸೀರೆ ಬದಲಿಸಿ ಹೊರಟೇಬಿಟ್ಟಳು.

ಸುಜಯ ಹಿರಿಯಳಿಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಟ್ಟ. ಪ್ರಮಿಳಾ ಬ್ಲೂಸ್ ಶುರು ಮಾಡಿದಳು. ಅವನು ತೊಡೆ ತಟ್ಟುತ್ತ ಲಯ ಹಿಡಿದ. ಒಂದು ಸುತ್ತು ಚಾಲು, ಇನ್ನೊಂದು ಸುತ್ತು ಅವಳ ಐದು ಸ್ವರದ ಮಾತು. ಮೂರನೆಯದರ ನಡುವೆ ಹಿಂದಿನಿಂದ ಗುನುಗು ಬಂತು. ನಾಗರತ್ನಾ ಕಣ್ಣು ಮುಚ್ಚಿದ್ದಳು. ತಾನು ಗುನುಗುತ್ತಿರುವುದು ಅವಳಿಗೇ ಗೊತ್ತಿತ್ತೋ ಇಲ್ಲವೋ.

ಪ್ರಮಿಳಾಳ ಬೆರಳು ತಟ್ಟನೆ ಅಕ್ಕನ ಸ್ವರದ ಕಡೆ ಹಾರಿತು. ಇಷ್ಟು ವರ್ಷದ ರೂಢಿ ಅದು. ಆದರೆ ಎಡಗೈ ತನ್ನ ಪಾಡಿಗೆ ಏಳನೇ ಮನೆಗೆ ಕಾಲಿಟ್ಟಿತ್ತು. ತನ್ನ ಐದು ಸ್ವರದ ಮಾತು ಅರ್ಧಕ್ಕೆ ನಿಂತಿತ್ತು. ಪ್ರಮಿಳಾ ಬಲಗೈಯನ್ನು ಹಿಂದಕ್ಕೆ ತಂದಳು. ಬಿಟ್ಟಲ್ಲಿಂದ ಎತ್ತಿಕೊಂಡು ತನ್ನದನ್ನೇ ಮುಂದುವರಿಸಿದಳು. ಗುನುಗು ನಿಂತಿತು. ಹನ್ನೆರಡನೇ ಮನೆ ಮುಟ್ಟಿದ ಮೇಲೆ ಬಲಗೈ ಎತ್ತಿ, ಎಡಗೈಯೊಂದನ್ನೇ ನಡೆಸುತ್ತ, ಅವಳು ತಿರುಗಿ, ಈಗ ನೀನು ಎಂಬಂತೆ ಅಕ್ಕನತ್ತ ತಲೆ ಆಡಿಸಿದಳು.

ನಾಗರತ್ನಾ ಹಾಡಿದಳು. ಮಾತಿಲ್ಲದ ಆಲಾಪ. ಕೆಳಗಿನ ದನಿಯಲ್ಲಿ ಕೋಮಲ ಗಾಂಧಾರವನ್ನು ತಡವಿ ತಡವಿ, ಸರಿಯುತ್ತಿದ್ದ ನೆಲದ ಮೇಲೆ ಎರಡು ಸಲ ಎಡವಿದಳು, ಸಾವರಿಸಿಕೊಂಡಳು. ಅವಳು ಮುಗಿಸಿದ ಮೇಲೆ ಪ್ರಮಿಳಾ ಉತ್ತರ ಕೊಟ್ಟಳು. ಮತ್ತೆ ಅಕ್ಕ, ಮತ್ತೆ ತಂಗಿ. ಸುಜಯ ತೊಡೆ ತಟ್ಟುತ್ತಲೇ ಇದ್ದ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾಗರತ್ನಾ ಕೇಳಿದಳು. "ಆವಾಗ ನನ್ನ ಯಾಕ ನಿಲ್ಲಸಿದಿ?"

"ನಂದ ಇನ್ನೂ ಮುಗದಿರಲಿಲ್ಲ ಅಕ್ಕಾ."

"ಮದಲ ಒಂದಿನಾನೂ ನೀ ಹಿಂಗ ಅಂದಿಲ್ಲ."

"ಮದಲ ನಂದಂತ ಏನಿತ್ತು?"

ಮಲಪ್ರಭೆಯ ಸೇತುವೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ನಾಗರತ್ನಾ ಗಂಟಲಿಗೆ ಸೆರಗು ಸುತ್ತಿಕೊಂಡಳು. ಆಮೇಲೆ, "ಆ ಕೆಳಗಿನ ಪಟ್ಟೀನ ಇರಲಿ. ಅದರಾಗ ಹಾಡ್ತೀನಿ" ಎಂದಳು.

ಆ ಶ್ರಾವಣದಲ್ಲಿ ಅವಳು ಖಾಸಬಾಗದಲ್ಲಿ ಮತ್ತೆ ಹಾಡಿದಳು. ಪ್ರಮಿಳಾ ಪೇಟಿಗೆ ಕೂತಿದ್ದಳು. ಒಂದು ವಚನ ಮುಗಿಸಿ ನಾಗರತ್ನಾ ಮುಂದಿನದಕ್ಕೆ ಹೋಗದೆ ಕೈ ಎತ್ತಿ ತಂಗಿಯ ಕಡೆ ತೋರಿಸಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೇಟಿಯೊಂದೇ ಆರೇಳು ಆವರ್ತ ನಡೆಯಿತು. ಪ್ರಸಾದದ ಹೊತ್ತಿಗೆ ಬಸಲಿಂಗಪ್ಪ ಎಂಬ ಹಿರಿಯರು ಬಂದು, "ನಡುವ ಹಾಡು ಮರತಿದ್ರೇನವಾ?" ಎಂದು ಕಾಳಜಿಯಿಂದ ಕೇಳಿದರು.

"ಇಲ್ರಿ ಕಾಕಾ. ಅದು ಆಕಿ ಸುತ್ತು" ಎಂದಳು ನಾಗರತ್ನಾ.

ಖಾನಾಪುರಕ್ಕೆ ಅವಳು ಮತ್ತೆ ಹೋಗಲಿಲ್ಲ. ಆ ಸಂಗೀತ ತನ್ನ ತಲೆಯ ಮೇಲಿಂದ ಹೋಗುತ್ತದೆ ಎನ್ನುತ್ತಾಳೆ. ಪ್ರಮಿಳಾ ತಪ್ಪದೆ ಹೋಗುತ್ತಾಳೆ. ಮೊನ್ನೆ ಸುಜಯ ಹೊಸ ಚಾಲು ಕೊಟ್ಟಿದ್ದಾನೆ. ಇದರಲ್ಲಿ ಕಾರ್ಡುಗಳು ಬೇಗ ಬೇಗ ಬದಲಾಗುತ್ತವೆ. ನಾಲ್ಕನೇ ಮನೆಗೆ ಬರುವಷ್ಟರಲ್ಲಿ ಎಡಗೈ ಹಿಂದೆ ಬೀಳುತ್ತದೆ. ಪ್ರಮಿಳಾ ನಿಲ್ಲಿಸಿ, ಕೈ ಕೊಡವಿ, ಮೊದಲನೇ ಮನೆಯಿಂದ ನಿಧಾನಕ್ಕೆ ಹೊರಡುತ್ತಾಳೆ.