ಲೈನು ಯಾಕೆ ಕಡಿಯಿತು
ಆಂಬುಲೆನ್ಸ್‌ಗಳನ್ನು ಕಳುಹಿಸುವ ಕೋಣೆಯಲ್ಲಿ ಹೊಸದಾಗಿ ಹಾಕಿದ್ದ ಪರದೆ ಮತ್ತೆ ಕಪ್ಪಾಯಿತು. ಯಾವ ಗಾಡಿ ಎಲ್ಲಿದೆಯೆಂದು ತೋರಿಸಬೇಕಾದದ್ದು ಅದೇ. ಫೋನಿನ ಮುಂದೆ ಕೂತಿದ್ದ ಅಕ್ಕ ಒಂದು ಕಿವಿಗೆ ರೋಗಿಯ ಮನೆಯವರನ್ನು, ಇನ್ನೊಂದಕ್ಕೆ ಡ್ರೈವರನನ್ನು ಹಚ್ಚಿಕೊಂಡು, "ಯಾವ ರಸ್ತೇಲಿದ್ದೀಯಪ್ಪಾ?" ಎಂದು ಕೂಗುತ್ತಿದ್ದಳು.

ಆ ಪರದೆಯ ಪ್ರೋಗ್ರಾಂ ಬರೆದವಳು ಮೂಲೆಯ ಮೇಜಿನಲ್ಲಿ ಹಲ್ಲು ಕಚ್ಚಿದಳು. ಸಂಜೆಯೊಳಗೆ ಈ ಕಾಟ ತಪ್ಪದಿದ್ದರೆ ಪರದೆ ಇಳಿಸಿಬಿಡುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಸರ್ವರಿನಿಂದ ಪರದೆಗೆ ಮಾಹಿತಿ ತರುವ ಲೈನಿನ ಕಾವಲಿಗೆಂದು ಅವಳೇ ಬರೆದಿದ್ದ ಪುಟ್ಟ ಕಮಾಂಡ್ ಟೂಲ್ ಮೂರು ದಿನದಿಂದ ಹಗಲಿಡೀ ಓಡುತ್ತಿತ್ತು. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು: "ಸಂಪರ್ಕ ಕಡಿದಿದೆ." ಮತ್ತೆ ತಾನೇ ಜೋಡಿಸಿಕೊಳ್ಳುತ್ತಿತ್ತು, ಮತ್ತೆ ಕಡಿಯುತ್ತಿತ್ತು.

"ಅದು ನನಗೂ ಕಾಣುತ್ತೆ ಮಹರಾಯ, ಯಾಕೆ ಅಂತ ಬೊಗಳು!" ಎಂದು ಅವಳು ಟೂಲಿಗೇ ಗದರಿದಳು.

"ಕಟ್ಟಿಕೊಂಡ ಗಂಡನಿಗೆ ಬೈದ ಹಾಗಿದೆ," ಎನ್ನುತ್ತ ಅಕ್ಕ ತನಗೆಂದು ತಂದಿಟ್ಟಿದ್ದ ಬಿಸಿ ಟೀಯನ್ನು ಸದ್ದಿಲ್ಲದೆ ಅವಳತ್ತ ತಳ್ಳಿದಳು.

ಟೀ ಮುಟ್ಟದೆ ಅವಳು ಸರ್ವರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದಳು. ಮಾತು ಕಡಿಮೆಯೆಂದು ಅವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು.

"ನಿಮ್ಮ ಸರ್ವರ್ ನಮ್ಮ ಕತ್ತು ಹಿಸುಕ್ತಿದೆ ಕಣ್ರೀ. ಯಾಕೆ ಅಂತ ಒಂದು ಮಾತು ಹೇಳಬಾರದಾ?"

"ಲೈನು ಮುಚ್ಚುವಾಗೆಲ್ಲ ಕಾರಣ ಬರೆದೇ ಕಳಿಸ್ತಿದ್ದೀನಲ್ಲ ಮೇಡಂ. ನೀವು ಓದಲ್ವಾ?"

ಅವಳು ತನ್ನ ಕೋಡ್ ತೆರೆದಳು. ಸರ್ವರ್ ಕಳಿಸಿದ ಸಂಖ್ಯೆ, ಕಾರಣ ಎರಡೂ ಟೂಲಿನ ಹೊಸ್ತಿಲವರೆಗೆ ಬಂದು ಅಲ್ಲೇ ಕಸ ಸೇರುತ್ತಿದ್ದವು. ಕಡಿದದ್ದು ಗೊತ್ತಾದರೆ ಸಾಕು, ಇದೆಲ್ಲ ಯಾರಿಗೆ ಬೇಕು ಎಂದು ಅವಳೇ ಬಿಟ್ಟಿದ್ದಳು. ಎರಡನ್ನೂ ತೋರಿಸುವ ಸಾಲು ಸೇರಿಸಿ ಮತ್ತೆ ಓಡಿಸಿದಳು. ಗೋಡೆಯ ಪರದೆ ಆರಿತು, ಹೊತ್ತಿತು. ಅದು ಹೊತ್ತಿದ್ದೇ ತಡ, ಟೂಲಿನಲ್ಲಿ ಅಕ್ಷರ ಮೂಡಿತು:

"4001: ಒಂದೇ ಕೀಲಿ, ಇಬ್ಬರು. ಇನ್ನೊಂದು ಕೇಳಿ, ಕೊಡ್ತೀನಿ."

ಸರ್ವರಿನ ಒಳಹೋಗಲು ಪರದೆಗೆ ಕೊಟ್ಟ ಗುಟ್ಟಿನ ಕೀಲಿಯನ್ನೇ ಅವಳು ಕಾವಲಿನ ಟೂಲಿಗೂ ಕೊಟ್ಟಿದ್ದಳು. ಒಬ್ಬರು ಒಳಬಂದರೆ ಸರ್ವರ್ ಇನ್ನೊಬ್ಬರನ್ನು ಹೊರಹಾಕುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಇದನ್ನ ಫೋನ್ ಮಾಡಿ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಫೋನಿನಲ್ಲಿ ರೇಗಿದಳು. ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ.

"ಕೋಪದಲ್ಲಿದ್ರಿ. ಅದಕ್ಕೇ ಬರೀತಾ ಇದ್ದೆ," ಎಂದ ಮೌನಿ. "ಇನ್ನೊಂದು ಕೀಲಿ ಮೊನ್ನೆಯೇ ಮಾಡಿಟ್ಟಿದ್ದೀನಿ. ತಗೊಳ್ಳಿ."

ಟೂಲಿಗೆ ಹೊಸ ಕೀಲಿ ಹಾಕಿದ ಮೇಲೆ ಪರದೆ ಆರಲಿಲ್ಲ. ಅವಳು ಮಾತ್ರ ನಂಬದೆ, ಕಣ್ಣು ಕೀಳದೆ ಅದನ್ನೇ ನೋಡುತ್ತ ಕುಳಿತಳು.

ಸಂಜೆ ಅದನ್ನು ಇಳಿಸಲು ಏಣಿ ಹೊತ್ತು ಬಂದವರನ್ನು ಅಕ್ಕ ಬಾಗಿಲಲ್ಲೇ ತಡೆದಳು. "ಗಾಡಿ ಎಲ್ಲಾ ಕಾಣ್ತಾ ಇದೆ. ಹೋಗ್ರಪ್ಪಾ, ಅಡ್ಡ ನಿಲ್ಲಬೇಡಿ!"