ಗಲಗಲಿ ಬೋರವ್ವನ ಪ್ಲೇಟು

"ನಾ ಈಗ ಕೇಳಾಕತ್ತಿದ್ದು ನಿಮ್ಮ ಹಾಡಿನ ಪ್ಲೇಟು ರೀ, ರಾಯರ," ಎಂದಳು ಇಂದ್ರವ್ವ. "ಈಗಂದ್ರ ಈ ವಾರ ಅಷ್ಟ ಅಲ್ಲ. ನೀವು ಹಚ್ಚಿದಾಗೊಮ್ಮೆ ಕೇಳೇನಿ. ಆ ಕಿಡಕಿ ಹೊರಗ ನಿಂತು."

ಜಮಖಾನೆಯ ಮೇಲೆ ಕುಳಿತಿದ್ದ ಗಂಡಸರೆಲ್ಲ ಕಿಟಕಿಯತ್ತ ನೋಡಿದರು. ಅವಳತ್ತ ಯಾರೂ ನೋಡಲಿಲ್ಲ.

ಜಮಖಂಡಿಯ ವಾಚನಾಲಯದ ಹಿಂದಿನ ಓಣಿಯಲ್ಲಿ ಕುಪ್ಪಸ ಹೊಲಿಯುವ ಇಂದ್ರವ್ವ ಐತವಾರದ ಹಾಡು ಕೇಳುವ ಬೈಠಕ್ಕಿಗೆ ಕಾಲಿಟ್ಟದ್ದು ಇದೇ ಮೊದಲು. ಸಂಸ್ಥಾನ ಇರುವತನಕ ಈ ಬೈಠಕ್ಕು ದರಬಾರದ ಲೆಕ್ಕಪತ್ರ ನೋಡುತ್ತಿದ್ದ ಫಡ್ನೀಸ ಪಾಂಡುರಂಗರಾಯರ ವಾಡೆಯಲ್ಲಿ ನಡೆಯುತ್ತಿತ್ತು. ಮುಂಬಯಿ ಸರಕಾರ ಬಂದ ಮೇಲೆ ರಾಯರು ತಮ್ಮ ಫೋನೋ, ಅಂದರೆ ಕೀಲಿಯ ಗ್ರಾಮಫೋನನ್ನೂ ಪ್ಲೇಟುಗಳ ಪೆಟ್ಟಿಗೆಯನ್ನೂ ಇಲ್ಲಿಗೆ ತಂದಿರಿಸಿ, 'ಸಂಗೀತಪ್ರೇಮಿಗಳು ಯಾರು ಬೇಕಾದರೂ ಬರಬಹುದು' ಎಂದು ಬಾಗಿಲಿಗೆ ಹಲಗೆ ತೂಗುಹಾಕಿಸಿದ್ದರು. ಯಾರು ಬೇಕಾದರೂ ಎಂದರೆ ಯಾರು ಎಂಬುದು ಬರೆಯದೆಯೇ ಊರಿಗೆ ಗೊತ್ತಿದೆ ಎಂದು ನಂಬಿದ್ದರು.

ಬೈಠಕ್ಕಿಗೊಂದು ಪದ್ಧತಿಯಿತ್ತು. ಬಂದವರು ತಾವು ಈಗ ಮತ್ತೆ ಮತ್ತೆ ಕೇಳುತ್ತಿರುವ ಹಾಡು ಯಾವುದೆಂದು ಹೇಳಬೇಕು. ಹೇಳಿದವರೇ ಫೋನೋದ ಮುಂದೆ ಕೂತು ಕೀಲಿ ಕೊಡಬೇಕು, ಮುಳ್ಳು ಇಡಬೇಕು, ಎತ್ತಬೇಕು. ಅಲ್ಲಿಯವರೆಗೆ ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಈ ಕಟ್ಟಳೆ ಮಾಡಿದವರೂ ರಾಯರೇ.

"ಯಾವ ಪ್ಲೇಟು?" ರಾಯರು ಗೊತ್ತಿದ್ದೂ ಕೇಳಿದರು.

"ಹೆಸರಿನ ಮ್ಯಾಲ ಬಿಳೇ ಕಾಗದ ಹಚ್ಚೀರಲ್ಲ, ಆ ಭೈರವಿ. ನಮ್ಮವ್ವಂದು."

ಅಲ್ಲಿದ್ದವರಿಗೆಲ್ಲ ಆ ಭೈರವಿ ಗೊತ್ತು. ಅದನ್ನು ಕೇಳಿ ಕಣ್ಣೊರೆಸಿಕೊಳ್ಳದವರು ಆ ಕೋಣೆಯಲ್ಲಿರಲಿಲ್ಲ. ಹಾಡಿದವಳು ದೇವರಿಗೆ ಬಿಟ್ಟ ಹೆಣ್ಣು, ಗಲಗಲಿಯ ಬೋರವ್ವ. ಆ ಕಾಲದ ಪ್ಲೇಟುಗಳಲ್ಲಿ ಹಾಡು ಮುಗಿದ ಕೂಡಲೇ ಹಾಡಿದವರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಆದರೆ ರಾಯರ ಬೆರಳು ಎಂದೂ ಅಲ್ಲಿಯತನಕ ಕಾಯ್ದಿರಲಿಲ್ಲ. ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಅವರು ಮುಳ್ಳನ್ನು ಎತ್ತಿಬಿಡುತ್ತಿದ್ದರು.

"ಅದರ ಕಡೀಕ ಗೀರು ಬಿದ್ದದ ಇಂದ್ರವ್ವಾ. ಬ್ಯಾರೇ ಯಾವುದರ ಹೇಳು."

"ಗೀರು ಪ್ಲೇಟಿನ್ಯಾಗಿಲ್ಲರಿ. ನಿಮ್ಮ ಕೈಯಾಗ ಐತಿ."

ಬನಹಟ್ಟಿಯಿಂದ ಸೈಕಲ್ಲು ತುಳಿದು ಬರುತ್ತಿದ್ದ ನೇಕಾರ ಅಮಸಿದ್ದಪ್ಪ ಗೊಳ್ಳನೆ ನಕ್ಕ. "ಹಚ್ಚಲಿ ಬಿಡ್ರಿ ರಾಯರ. ಹ್ವಾದ ಐತವಾರ ನಾ ನಾಟಕದ ಹಾಡು ಹಚ್ಚಿದಾಗ ಕಿವಿ ಮುಚಗೊಂಡು ಕುಂತಿದ್ರಿ. ಏನಾತು? ಸತ್ತೀರೇನು?"

ನಾರಾಯಣ ಮಾಸ್ತರರು ಅವನನ್ನು ದುರುಗುಟ್ಟಿ ನೋಡಿ, ಹೆಂಗಸರಿಗೆಂದು ಕಟ್ಟಿದ್ದ ಪಕ್ಕದ ಪರದೆಯ ಕಡೆ ಗದ್ದ ಚಾಚಿದರು. "ಹೆಣ್ಣಮಕ್ಕಳು ಕೂತಾರ. ಸ್ವಲ್ಪ ಮರ್ಯಾದಿ ಇರಲಿ."

"ಅವರು ಹೆಣ್ಣಮಕ್ಕಳು," ಎಂದಳು ಇಂದ್ರವ್ವ. "ಮತ್ತ ನಾ ಯಾರ್ರಿ, ಮಾಸ್ತರ?"

ಪರದೆಯ ಹಿಂದಿನಿಂದ ರಾಯರ ಹೆಂಡತಿ ಮಥುರಾಬಾಯಿಯ ದನಿ ಬಂತು: "ನೆವಾ ನಮ್ಮ ಮ್ಯಾಲ ಹಾಕಬ್ಯಾಡ್ರಿ. ನಮಗೂ ಕೇಳೋದದ."

ಇಷ್ಟು ವರ್ಷಗಳ ಬೈಠಕ್ಕಿನಲ್ಲಿ ಆ ಕಡೆಯಿಂದ ಕೆಮ್ಮು ಬಿಟ್ಟರೆ ಬೇರೇನೂ ಕೇಳಿರಲಿಲ್ಲ. ರಾಯರ ಕಿವಿ ಕೆಂಪಾಯಿತು. "ಹಾಡಿಗೆ ನಾ ಯಾವಾಗರ ಬ್ಯಾಡ ಅಂದೇನೇನು?" ಎಂದರು, ಯಾರಿಗೆಂದು ತಿಳಿಯದಂತೆ. "ನಿಮ್ಮವ್ವನ ಹಾಡಿಗೆ ನಾವು ಕೈ ಮುಗೀತೀವಿ."

"ದನಿಗೆ ಕೈ ಮುಗೀತೀರಿ. ಹೆಸರು ಬಂತಂದ್ರ ಕೈ ತೊಳಕೋತೀರಿ." ಇಂದ್ರವ್ವ ಎದ್ದು ಫೋನೋದ ಮುಂದೆ ಕುಳಿತಳು. "ಪ್ಲೇಟು ಮಾಡಿದ ಕಂಪನಿಯವರು ಆಕಿಗೆ ಒಂದು ಪ್ಲೇಟು ಸೈತ ಕೊಡಲಿಲ್ಲ. 'ಕಡೀಕ ನನ್ನ ಹೆಸರ ಹೇಳೀನಿ ಇಂದ್ರಿ, ಎಲ್ಲ್ಯರ ಸಿಕ್ಕರ ಕೇಳು' ಅಂತಂದು ಸತ್ತಳು. ಆಕಿ ಸತ್ತು ಇಷ್ಟು ದಿನ ಆತು, ಆ ಹೆಸರು ಇನ್ನೂ ಕೇಳಿಲ್ಲ ನಾ. ಇವತ್ತ ಕೇಳಾಕಿ. ಪ್ಲೇಟು ಕೊಡ್ರಿ."

ಅಮಸಿದ್ದಪ್ಪ ರಾಯರ ಮುಖವನ್ನೂ ನೋಡದೆ ಪೆಟ್ಟಿಗೆಯಿಂದ ಪ್ಲೇಟು ತೆಗೆದು ಅವಳ ಮುಂದಿಟ್ಟ.

ಮುಳ್ಳು ಇಟ್ಟಳು. ಕರಕರ ಸದ್ದಿನೊಳಗಿಂದ ಬೋರವ್ವ ಎದ್ದು ಬಂದಳು. ಗೋಡೆಯಾಚೆಯಿಂದ ಕೇಳಿದಾಗ ತೆಳ್ಳಗಿದ್ದ ದನಿ ಇಲ್ಲಿ ಒಂದು ಗೇಣಿನ ದೂರದಲ್ಲಿ ಎಷ್ಟು ದಪ್ಪವಾಗಿತ್ತು, ಎಷ್ಟು ಒರಟಾಗಿತ್ತು! ಇಂದ್ರವ್ವ ಕಣ್ಣು ಮುಚ್ಚಲಿಲ್ಲ. ಹಾಡು ಕೊನೆಗೆ ಬರುತ್ತಿದ್ದಂತೆ ಆ ದನಿ ಇದ್ದಕ್ಕಿದ್ದಂತೆ ಜೋಲಿ ಹೊಡೆಯಿತು, ಗಂಡು ದನಿಯಾಯಿತು, ಗೊರಕೆಯಂತಾಯಿತು. ಫೋನೋ ಮುಟ್ಟಿ ಗೊತ್ತಿಲ್ಲದ ಅವಳು ಕೊಟ್ಟ ಕೀಲಿ ಸಾಲದೆ ಹೋಗಿತ್ತು.

"ಆತು, ಆತು. ಎತ್ತು, ಪ್ಲೇಟು ಕೆಡತದ," ರಾಯರು ಮುಂದೆ ಬಾಗಿ ಕೈ ಚಾಚಿದರು.

ಇಂದ್ರವ್ವ ಎಡಗೈಯನ್ನು ಬೋರಲು ಮಾಡಿ ಮುಳ್ಳಿನ ಮೇಲೆ ಮುಚ್ಚಿ ಹಿಡಿದಳು. ಇನ್ನು ಮುಳ್ಳನ್ನು ಎತ್ತಬೇಕೆಂದರೆ ರಾಯರು ಆ ಕೈಯನ್ನು ಮುಟ್ಟಬೇಕಿತ್ತು. ಮಡಿಯ ಬೆರಳುಗಳು ಅವಳ ಕೈಯಿಂದ ನಾಲ್ಕು ಬೆರಳು ದೂರಕ್ಕೆ ಬಂದವು, ಅಲ್ಲೇ ನಿಂತವು.

"ಮುಟ್ಟರಿ," ಎಂದಳು ಅವಳು, ಬಲಗೈಯಿಂದ ಕೀಲಿಯ ಹಿಡಿಕೆ ತಿರುಗಿಸುತ್ತ. "ಮುಟ್ಟಿ ಎತ್ತರಿ ನೋಡೂಣು."

ದನಿ ಮೆಲ್ಲಗೆ ಮೇಲಕ್ಕೇರಿತು. ಗೊರಕೆ ಹೋಗಿ ಹೆಣ್ಣಾಯಿತು, ಹೆಣ್ಣು ಹೋಗಿ ಬೋರವ್ವನದಾಯಿತು. ಕೊನೆಯ ಸ್ವರ ನಿಂತಿತು. ರಾಯರ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ನಾ ಗಲಗಲಿ ಬೋರವ್ವ!"

ಸಂತೆಯಲ್ಲಿ ಕೂಗಿದ ಹಾಗೆ, ಎದೆ ತುಂಬಿ ಹೇಳಿದಳು. ಆಮೇಲೆ, ಯಾರೂ ಎಣಿಸಿರದ ಇನ್ನೊಂದು ಮಾತು ಬಂತು. ಅದು ಹಾಡುವ ದನಿಯಲ್ಲ, ಕೂಗುವ ದನಿಯೂ ಅಲ್ಲ. ಕೆಲಸ ಮುಗಿಸಿದ ಹೆಂಗಸು ಪಕ್ಕದಲ್ಲಿದ್ದ ಕಂಪನಿಯವರನ್ನು ಕೇಳುವ ದನಿ.

"ಆತೇನ್ರಿ?"

'ಆತವ್ವಾ' ಎನ್ನುವಂತೆ ಇಂದ್ರವ್ವನ ತುಟಿ ಒಮ್ಮೆ ಅಲುಗಿತು. ಅವಳ ಅಂಗೈಯ ಕೆಳಗೆ, ಕೊನೆಯ ಗೆರೆಯಲ್ಲಿ ನಿಂತ ಮುಳ್ಳಿನಡಿ, ಪ್ಲೇಟು ಸುತ್ತುತ್ತಲೇ ಇತ್ತು.