ಒಳಬದಿಗೆ ಬರಬೇಕಿದ್ದ ಉಂಗುರ

ಭಾರವಾದದ್ದು ಒಳಬದಿಗೆ, ಹಗುರವಾದದ್ದು ಹೊರಬದಿಗೆ. ಕ್ಲೆಮ್ ಹಾರ್ಗನ್‌ಗೆ ದೇವರಿಗಿಂತ ಈ ಮಾತಿನ ಮೇಲೆ ನಂಬಿಕೆ ಜಾಸ್ತಿ. ಸಮುದ್ರದ ಮಗ್ಗುಲಿನ ಮರಳ ದಿಬ್ಬಗಳ ನಡುವೆ, ಮರಳಿನಿಂದ ಖನಿಜ ಬೇರ್ಪಡಿಸಲು ಕೊಳದ ಮೇಲೆ ತೇಲುವ ಕಾರ್ಖಾನೆಯಲ್ಲಿ ಅವನು ಹನ್ನೊಂದು ವರ್ಷ ಸವೆಸಿದ್ದ. ಮುಂದೆ ಡ್ರೆಜ್ಜರ್ ಎಂಬ ಹೂಳೆತ್ತುವ ಯಂತ್ರ ದಡ ಕೊರೆದು ಮರಳು ಬೆರೆತ ನೀರನ್ನು ಕಳಿಸುತ್ತಿತ್ತು. ಅದು ತಿರುಗುಮೆಟ್ಟಿಲಿನಂತೆ ಸುತ್ತಿಕೊಂಡ ಜಾರುಬಂಡೆಗಳ ಹಾಗೆ ಸಾಲಾಗಿ ನಿಂತ ಸುರುಳಿಗಳ ನೆತ್ತಿಗೆ ಬಿದ್ದು, ಸುತ್ತಿ ಸುತ್ತಿ ಇಳಿಯುವಷ್ಟರಲ್ಲಿ ಕಪ್ಪು ಖನಿಜ ಒಳ ಅಂಚನ್ನು ಹಿಡಿದುಕೊಳ್ಳುತ್ತಿತ್ತು, ಬಿಳಿ ಮರಳು ಹೊರ ಅಂಚಿಗೆ ಸರಿಯುತ್ತಿತ್ತು. ಬುಡದಲ್ಲಿ ಎರಡು ಪುಟ್ಟ ಅಲಗುಗಳು ಹರಿವನ್ನು ಮೂರು ಪಾಲು ಮಾಡುತ್ತಿದ್ದವು. ಕಪ್ಪು ಮಾಲು ದಡದ ರಾಶಿಗೆ, ಬಿಳಿಯದು ಹಿಂದಿನ ದಿಬ್ಬಕ್ಕೆ, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ನಡುವಿನದು ಮತ್ತೆ ಮೇಲಕ್ಕೆ.

"ನೀನು ಆ ನಡುವಿನ ಮಾಲು ಕಣೋ," ಎಂದು ನೆರಿಡಾ ಅವನನ್ನು ಆಡಿಕೊಳ್ಳುತ್ತಿದ್ದಳು. ದಿನಾ ಬೆಳಗ್ಗೆ ಪ್ರಯೋಗಾಲಯದಿಂದ ದೋಣಿಯಲ್ಲಿ ಬಂದು, ಒಂಬತ್ತನೇ ಸುರುಳಿಯ ಕಪ್ಪು ಧಾರೆಗೆ ಮಗ್ ಹಿಡಿದು ಮಾದರಿ ಒಯ್ಯುವುದು ಅವಳ ಕೆಲಸ. "ಪಿಕ್ಚರ್‌ಗೆ ಬರ್ತೀಯಾ ಅಂದ್ರೆ ನೋಡೋಣ. ಮೀನು ಹಿಡಿಯೋಕೆ ಹೋಗೋಣ್ವಾ ಅಂದ್ರೆ ನೋಡೋಣ. ಸುತ್ತು ಸುತ್ತು, ಮತ್ತೆ ಮೇಲಕ್ಕೆ!"

ಕ್ಲೆಮ್ ನಗುತ್ತ ಅಲಗುಗಳನ್ನು ಸರಿಪಡಿಸುತ್ತಿದ್ದ. ಅವಳೆಂದರೆ ಅವನಿಗೆ ಪ್ರಾಣ. ಹೇಳಹೋದರೆ ನಾಲಿಗೆಯೇ ಏಳದು. ಅಜ್ಜಿಯ ಚಿನ್ನದ ಉಂಗುರ ಅವನ ಊಟದ ಡಬ್ಬಿಯಲ್ಲಿ, ವೆಜಿಮೈಟ್ ಸ್ಯಾಂಡ್‌ವಿಚ್‌ಗಳ ಪಕ್ಕ, ಎರಡು ಚಳಿಗಾಲ ಕಳೆದಿತ್ತು.

ಆ ಬೆಳಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಬಾಯಿ ಬಿಡುವ ಗೋಜೇ ಬೇಡ! ಈ ಕೊಳದಲ್ಲಿ ಚಿನ್ನಕ್ಕಿಂತ ಭಾರದ್ದು ಏನಿದೆ? ಮೇಲಿಂದ ಬಿಟ್ಟರೆ ಉಂಗುರ ಒಳಬದಿಯಲ್ಲೇ ಇಳಿದು ನೆಟ್ಟಗೆ ಅವಳ ಮಗ್ಗಿಗೆ ಬೀಳಬೇಕು. ಉಳಿದ ಮಾತನ್ನು ಅದೇ ಆಡುತ್ತದೆ. ಸುರುಳಿಗಳ ಜೊತೆ ಸಂಸಾರ ಮಾಡಿದವನಿಗೆ ಮಾತ್ರ ಹಿಡಿಯುವ ಹುಚ್ಚು ಇದು.

ನೆರಿಡಾ ಕೆಳಗೆ ಮಗ್ ಹಿಡಿದಳು. ಕ್ಲೆಮ್ ಮೇಲಿನ ಅಟ್ಟದಿಂದ ಒಂಬತ್ತನೇ ಸುರುಳಿಯೊಳಗೆ ಉಂಗುರ ಬಿಟ್ಟ.

ಮೊದಲ ಸುತ್ತು ಅದು ಒಳ ಅಂಚಿನಲ್ಲಿ ಒಳ್ಳೆಯ ಹುಡುಗಿಯ ಹಾಗೆ ಜಾರಿತು. ಎರಡನೇ ಸುತ್ತಿನಲ್ಲಿ ನೀರು ಅಡಿಗೆ ನುಗ್ಗಿದ್ದರಿಂದ ಉಂಗುರ ಎದ್ದು ನಿಂತಿತು. ಆಮೇಲೆ ಗಾಡಿಯ ಚಕ್ರದಂತೆ ಉರುಳತೊಡಗಿತು, ಹೊರಗೆ, ಇನ್ನೂ ಹೊರಗೆ. ಕ್ಲೆಮ್ ಮೆಟ್ಟಿಲು ಹಾರಿ ಕೆಳಗಿಳಿಯುವಷ್ಟರಲ್ಲಿ ಉಂಗುರ ಬಿಳಿ ಮರಳಿನ ಜೊತೆ ಅವಳ ಮಗ್ಗನ್ನು ದಾಟಿ ಕೆಳಗಿನ ಕಾಲುವೆಗೆ ಬಿತ್ತು. ಕಾಲುವೆಯ ತುದಿಯಲ್ಲಿ ಪಂಪು. ಪಂಪಿನಾಚೆ ದಿಬ್ಬ. ಅಲ್ಲಿಗೆ ಹೋದದ್ದು ಮೊಮ್ಮಕ್ಕಳ ಕಾಲಕ್ಕೂ ಸಿಗದು.

"ಏನೋ, ದೆವ್ವ ಕಂಡವನ ಥರ ನಿಂತಿದ್ದೀಯ?" ಎಂದಳು ನೆರಿಡಾ.

ಕಾರ್ಖಾನೆ ನಿಲ್ಲಿಸಿದರೆ ಯಾಕೆಂದು ಹೇಳಬೇಕು. ನಿಲ್ಲಿಸದಿದ್ದರೆ ಉಂಗುರವೂ ಹೋಯಿತು, ಹೇಳುವ ಧೈರ್ಯವೂ ಅದರ ಹಿಂದೆಯೇ ಹೋಯಿತು. ಕ್ಲೆಮ್ ಕಣ್ಣು ಮುಚ್ಚಿ ಕೆಂಪು ಗುಂಡಿ ಒತ್ತಿಬಿಟ್ಟ.

ಇಡೀ ಕಾರ್ಖಾನೆ ತಣ್ಣಗಾಯಿತು. ಗೋಡೆಯ ಸ್ಪೀಕರಿನಲ್ಲಿ ಡ್ರೆಜ್ಜರ್ ನಡೆಸುವ ಮುದುಕ ಆಲ್ಡೊ ಅರಚಿದ: "ಲೋ ಕ್ಲೆಮ್! ಯಾಕೋ ನಿಲ್ಸಿದೆ?"

"ಪಂಪಿಗೇನಾಯ್ತು?" ಎಂದು ನೆರಿಡಾ ಕೇಳಿದಳು.

"ಪಂಪಿಗೇನಿಲ್ಲ. ಉಂಗುರ ಬಿದ್ದೋಯ್ತು."

"ಯಾರ್ದು?"

"ನಿಂದು." ಕ್ಲೆಮ್ ಕಾಲುವೆಯತ್ತ ಬೆರಳು ತೋರಿಸಿದ. "ಅಂದ್ರೆ, ನಿಂದಾಗ್ಬೇಕು ಅಂತ ನನ್ನಾಸೆ. ನಮ್ಮಜ್ಜೀದು. ನಿನ್ನ ಮಗ್ಗಿಗೆ ಬೀಳತ್ತೆ ಅಂದ್ಕೊಂಡಿದ್ದೆ. ನನ್ನ ಮದ್ವೆ ಆಗ್ತೀಯಾ, ನೆರಿಡಾ?"

ನೆರಿಡಾ ಅವನನ್ನು ನೋಡಿದಳು, ಸುರುಳಿಯನ್ನು ನೋಡಿದಳು, ಆಮೇಲೆ ಪೈಪು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

"ಅಯ್ಯೋ ಪೆದ್ದೇ! ಉಂಗುರ ಅಂದ್ರೆ ಗಾಲಿ ಕಣೋ. ಎದ್ದು ನಿಂತ್ರೆ ಉರುಳದೆ ಇನ್ನೇನ್ ಮಾಡತ್ತೆ? ಇಷ್ಟು ವರ್ಷ ಇಲ್ಲಿ ನಿಂತ್ಕೊಂಡು ಏನ್ ನೋಡ್ದೆ?"

"ಮರಳು ನೋಡ್ದೆ. ನಿನ್ನ ನೋಡ್ದೆ."

ಅವಳ ನಗು ನಿಂತಿತು. ಬೂಟು ಕಳಚಿ ಎಸೆದು ಕಾಲುವೆಗೆ ಇಳಿದೇಬಿಟ್ಟಳು. ಕ್ಲೆಮ್ ಪಂಪಿನ ಕಡೆಯಿಂದ ಮೊಣಕೈವರೆಗೆ ಮರಳು ಬಗೆಯುತ್ತ ಬಂದ.

"ಯಾರಾದ್ರೂ ಸತ್ರೇನೋ?" ಎಂದು ಸ್ಪೀಕರ್ ಮತ್ತೆ ಅರಚಿತು.

"ಸ್ವಲ್ಪ ಬಾಯ್ಮುಚ್ಕೊಂಡಿರಪ್ಪ, ಆಲ್ಡೊ!" ಎಂದು ನೆರಿಡಾ ಅವನಿಗೆ ಕೇಳಿಸದಿದ್ದರೂ ಬೈದಳು. ಅಷ್ಟರಲ್ಲಿ ಅವಳ ಮುಖ ಬದಲಾಯಿತು. ಮೆಲ್ಲಗೆ ಬಲಗಾಲು ಮೇಲೆತ್ತಿದಳು. ಕಾಲ್ಬೆರಳಿನ ತುದಿಯಲ್ಲಿ ಉಂಗುರ ತೂಗುತ್ತಿತ್ತು. ಬಿದ್ದಲ್ಲಿಂದ ಎರಡು ಮಾರೂ ಹೋಗಿರಲಿಲ್ಲ. ಸಮತಟ್ಟಾದ ಕಾಲುವೆ ಸಿಕ್ಕಿದ್ದೇ ತಡ, ಚಿನ್ನ ತನ್ನ ಭಾರ ನೆನಪಿಸಿಕೊಂಡು ತಳ ಹಿಡಿದಿತ್ತು.

ಕ್ಲೆಮ್ ಅದನ್ನು ತೊಳೆದು ಹಿಡಿದ. "ನೀನಿನ್ನೂ ಏನೂ ಹೇಳ್ಲಿಲ್ಲ."

"ನೋಡೋಣ," ಎಂದಳು ನೆರಿಡಾ.

ಅವನ ಮುಖ ಹುಳ್ಳಗಾಯಿತು. ಅಷ್ಟು ಸೇಡು ಸಾಕೆನಿಸಿ ಅವಳು ಕೈ ಮುಂದೆ ಚಾಚಿದಳು. "ಹಾಕೋ ಬೇಗ. ನಡುವಿನ ಮಾಲು ಇವತ್ತಾದ್ರೂ ಒಂದು ಕಡೆ ಸೇರ್ಲಿ."

ಕ್ಲೆಮ್‌ಗೆ ಕುಣಿಯುವಷ್ಟು ಸಂತೋಷವಾಯಿತು. ಓಡಿಹೋಗಿ ಮೈಕು ಎತ್ತಿಕೊಂಡ. ಸಡಿಲಾದ ನಾಲಿಗೆ ಈಗ ನಿಲ್ಲುವಂತಿರಲಿಲ್ಲ. "ಆಲ್ಡೊ, ಉಂಗುರ ಸಿಕ್ತು! ನೆರಿಡಾ ಒಪ್ಪಿದ್ಲು! ನಾನೇ ಕೇಳ್ದೆ, ಬಾಯ್ಬಿಟ್ಟು ಕೇಳ್ದೆ!"

ಡ್ರೆಜ್ಜರಿನ ಹಾರ್ನ್ ಕೂಗಿದ್ದೇ ಕೂಗಿದ್ದು. ಕೊಳದ ಪೆಲಿಕನ್‌ಗಳೆಲ್ಲ ಗಾಬರಿಬಿದ್ದು ಮೇಲೆದ್ದವು. "ಅಂತೂ ಕೇಳಿದ್ಯಲ್ಲೋ!" ಎಂದ ಆಲ್ಡೊ. "ಅವಳ ಮಾದರಿಗೆ ಒಂಬತ್ತನೇ ಸುರುಳಿನೇ ಯಾಕೆ ಬೇಕು ಅಂತ ನಿನಗೊಬ್ಬನಿಗೇ ಗೊತ್ತಿರ್ಲಿಲ್ಲ. ನೀನು ನಿಲ್ಲೋ ಜಾಗ ಅದು!"

ಕ್ಲೆಮ್ ಕಾರ್ಖಾನೆ ಚಾಲೂ ಮಾಡಿದ, ಸುರುಳಿಗಳಲ್ಲಿ ಮತ್ತೆ ನೀರು ಹರಿಯತೊಡಗಿತು. ಅವತ್ತಿನ ಮಾದರಿ ಇನ್ನೂ ಬಾಕಿಯಿತ್ತು. ಕೆಂಪೇರಿದ ಮುಖ ತಿರುಗಿಸಿಕೊಂಡು ನೆರಿಡಾ ಬಲಗೈಯಲ್ಲಿ ಮಗ್ ಹಿಡಿದಳು. ಉಂಗುರದ ಎಡಗೈಯನ್ನು ಜೇಬಿನೊಳಗೆ ಭದ್ರವಾಗಿ ಇಟ್ಟುಕೊಂಡಿದ್ದಳು.